ತಾಮ್ರ ಕರಗಿಸಿದವಳು

ಕಳೆದ ವಾರ ನನ್ನ ಸೊಸೆ ಪೇಟೆಯಿಂದ ಒಂದು ಡಬ್ಬಿ ತಂದಳು. ಮೇಲೆ ಹಸಿರೆಲೆಯ ಚಿತ್ರ, ಒಳಗೆ ಪಾತ್ರೆ ಬೆಳಗುವ ಬೂದಿ. ಸಗಣಿಯ ಕುಳ್ಳು ಸುಟ್ಟು, ಸೋಸಿ, ಸುವಾಸನೆ ಬೆರೆಸಿ ಡಬ್ಬಿಗೆ ತುಂಬಿದ ಬೂದಿ! ‘ಇದು ಭಾಳ ಚಲೋ ಅಂತರಿ ಅತ್ತಿ, ಇದರಾಗ ಕೆಮಿಕಲ್ ಏನೂ ಇಲ್ಲ,’ ಎಂದಳು. ಇಪ್ಪತ್ತೊಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳ ಎದುರಿಗೆ ನಿಂತು, ಬೂದಿಯಲ್ಲಿ ರಸಾಯನವಿಲ್ಲ ಎಂದು ಹೇಳುವ ಧೈರ್ಯ ಈಗಿನವರಿಗೆ ಹೇಗೆ ಬರುತ್ತದೆಯೋ ನಾನರಿಯೆ. ಆ ಮಾತನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಬರೆದಿಟ್ಟುಕೊಳ್ಳುವುದು ನನ್ನ ಸ್ವಭಾವ. ನನಗೆ ಯಾರು, ಎಂದು, ಯಾವ ಮಾತಿನಿಂದ ಅವಮಾನ ಮಾಡಿದರೆಂಬುದು ಕ್ರಮವಾಗಿ ನೆನಪಿದೆ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಪಂಕ್ತಿಯುದ್ದಕ್ಕೂ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಬಂದವನು ನನ್ನ ಎಲೆಯ ಮುಂದೆ ಬಂದಾಗ ಮಾತ್ರ ಗಿಂಡಿಯನ್ನು ನೆಟ್ಟಗೆ ಹಿಡಿದ. ನಿವೃತ್ತಿಯ ದಿನ ನನಗೆ ಹೊದಿಸಿದ ಶಾಲು ಹಿಂದಿನ ವರ್ಷ ಇನ್ನೊಬ್ಬರಿಗೆ ಹೊದಿಸಿದ್ದೇ ಆಗಿತ್ತು. ಅಂಚಿನಲ್ಲಿದ್ದ ಕುಂಕುಮದ ಕಲೆಯಿಂದ ಗುರುತು ಹಿಡಿದೆ. ಇಂಥವು ಬಹಳ ಇವೆ. ಓದುಗರು ಬೇಸರಿಸಬಾರದೆಂದು ಎರಡನ್ನೇ ಹೇಳಿದೆ. ಆದರೆ ಇಷ್ಟು ಕಟ್ಟುನಿಟ್ಟಾಗಿ ಕಾಯ್ದುಕೊಂಡು ಬಂದ ಈ ನೆನಪಿನ ಸಾಲಿನಲ್ಲಿ ಒಂದು ನಮೂದು ಮಾತ್ರ ತಪ್ಪು ಹೆಸರಿನಲ್ಲಿ ಸೇರಿಹೋಗಿತ್ತು. ಅದನ್ನು ತಿದ್ದಲು ನನಗೆ ಆರು ವರ್ಷ ಹಿಡಿಯಿತು. ತಿದ್ದಿದ ಮೇಲೆ ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ನಾನು ಬಬಲೇಶ್ವರದವಳು. ತಂದೆ ಅಲ್ಲಿಯ ಶಾಲೆಯಲ್ಲಿ ಮಾಸ್ತರರು. ಊರಿನಲ್ಲಿ ಕಲ್ಲಿಗೆ ಕೊರತೆಯಿರಲಿಲ್ಲ, ನೀರಿಗಿತ್ತು. ಬಾವಿಗೆ ಹೋಗಿ ಎರಡು ಕೊಡ ತರಲು ಬೆಳಗಿನ ಅರ್ಧ ಕಳೆಯುತ್ತಿತ್ತು. ಹೀಗಾಗಿ ನಮ್ಮ ಕಡೆಯ ಹೆಂಗಸರು ಪಾತ್ರೆಗೆ ನೀರು ಮುಟ್ಟಿಸದೆ ಬೆಳಗುವುದನ್ನು ಒಂದು ವಿದ್ಯೆಯಂತೆ ಸಾಧಿಸಿದ್ದರು. ಕುಳ್ಳಿನ ಬೂದಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸೋಸಬೇಕು. ಒಣ ಬೂದಿಯಿಂದಲೇ ಗಸಗಸ ತಿಕ್ಕಬೇಕು. ಒಣ ಬಟ್ಟೆಯಿಂದ ಒರೆಸಬೇಕು. ‘ನೀರಿಲ್ಲದ ಊರಾಗ ಭಾಂಡಿ ತಿಕ್ಕಾಕ ನೀರ ಕೇಳಾಕಿ ಹೆಣ್ಣ ಮಗಳ ಅಲ್ಲ,’ ಎಂಬುದು ನಮ್ಮ ಅವ್ವನ ಸಿದ್ಧಾಂತ. ನಾನು ತಿಕ್ಕಿಟ್ಟ ತಂಬಿಗೆಯಲ್ಲಿ ನೆರೆಮನೆಯ ಅಜ್ಜಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ಇದು ಉತ್ಪ್ರೇಕ್ಷೆಯಲ್ಲ, ಉತ್ಪ್ರೇಕ್ಷೆ ನನಗೆ ಒಗ್ಗದು.

ಎಪ್ಪತ್ತರ ದಶಕದ ಆರಂಭದಲ್ಲಿ, ನಮ್ಮ ವಿಜಯಪುರಕ್ಕೆ ಇನ್ನೂ ವಿಜಾಪುರವೆಂಬ ಹೆಸರಿದ್ದಾಗ, ಅಲ್ಲಿಯ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದೆ. ತರಗತಿಯಲ್ಲಿ ನಾಲ್ವರು ಹುಡುಗಿಯರು. ಪ್ರಯೋಗಾಲಯದಲ್ಲಿ ಇಬ್ಬಿಬ್ಬರಿಗೆ ಒಂದು ಮೇಜು. ನನ್ನ ಜೊತೆಗೆ ಬಂದವಳು ತಿಕೋಟಾದ ಶಮಶಾದ್. ತಂದೆ ಇರಲಿಲ್ಲ, ಹಿರಿಯ ಅಣ್ಣ ತಿಕೋಟಾದ ಬಜಾರದಲ್ಲಿ ಬಟ್ಟೆ ಹೊಲಿಯುತ್ತಿದ್ದ. ಕಾಲೇಜು ಸೇರಿದ ದಿನ ಅವನೇ ತಂಗಿಯನ್ನು ಕರೆತಂದಿದ್ದ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ದೂರದಿಂದಲೇ ಕೈಮುಗಿದು ಕೇಳಿದ: ‘ನೀವು ಬಬಲೇಶ್ವರ ಮಾಸ್ತರ ಮಗಳಲ್ಲೇನ್ರಿ? ನಿಮ್ಮಪ್ಪಾರ ಕೈಯಾಗ ನಮ್ಮ ಕಾಕಾ ಕಲತಾನ್ರಿ. ನಿಮ್ಮ ಜೋಡಿ ಅಂದ್ರ ನನಗ ಭರೋಸಾ ಐತ್ರಿ.’

ಅವನು ಹೋದ ಮೇಲೆ ಶಮಶಾದ್ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಿದಳು. ‘ತಿಳೀತಿಲ್ಲೋ? ಜೋಡಿ ಇದ್ರ ಕಾಲೇಜ, ಇಲ್ಲಂದ್ರ ಮನಿ. ನಿನಗ ಜ್ವರ ಬಂದ ದಿನ ನನಗೂ ಬರತೈತಿ ಬೇ, ಹುಷಾರ ಇರು.’

ಅವಳ ಬಸ್ಸು ಅಥಣಿ ರಸ್ತೆಯಿಂದ ಮೊದಲೇ ಬರುತ್ತಿತ್ತು. ನನ್ನ ಬಸ್ಸು ಬರುವ ತನಕ ಅವಳು ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಪುಸ್ತಕ ತೆರೆದು ನಿಂತಿರುತ್ತಿದ್ದಳು. ಪ್ರಯೋಗಗಳ ಪುಸ್ತಕವನ್ನು, ಮೂರನೆಯ ವರ್ಷದ ಪಾಠಗಳನ್ನೂ ಸೇರಿಸಿ, ಮೊದಲ ಎರಡು ತಿಂಗಳಲ್ಲಿ ಹೀಗೆ ಮರದ ಕೆಳಗೆಯೇ ಓದಿ ಮುಗಿಸಿದ್ದಳು. ನನಗೆ ಅದು ಸರಿಬರಲಿಲ್ಲ. ಪಾಠ ಬರುವ ಮೊದಲೇ ಪಾಠ ಓದುವುದು ಊಟಕ್ಕೆ ಕರೆಯುವ ಮೊದಲೇ ಎಲೆಯ ಮುಂದೆ ಕುಳಿತಂತೆ ಎಂದು ನಾನು ನಂಬಿದ್ದೆ.

ನಮ್ಮಲ್ಲಿ ಕೆಲಸದ ಹಂಚಿಕೆಯಿತ್ತು. ನೀರು ತರುವುದು, ಸ್ಪಿರಿಟ್ ದೀಪ ಹಚ್ಚುವುದು, ಕಾಯಿಸುವುದು ಅವಳದು. ಗಾಜಿನ ಸಾಮಾನು ಸ್ವಚ್ಛ ಮಾಡುವುದು, ತೂಗುವುದು, ಜರ್ನಲ್ ಬರೆಯುವುದು ನನ್ನದು. ನನ್ನ ಅಕ್ಷರ ಮುತ್ತಿನಂತಿತ್ತು. ಅವಳದು ಕೋಳಿ ಕೆದರಿದಂತಿತ್ತು. ಆದರೆ ಕೈ ಮಾತ್ರ ಸ್ಥಿರ. ಹನಿ ಎಣಿಸಿ ಹಾಕುವಾಗ ಅವಳು ಉಸಿರಾಡುತ್ತಿದ್ದಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

ದೀಪಾವಳಿಗೆ ಮುಂಚಿನ ಒಂದು ವಾರ ವಿಜಾಪುರದಲ್ಲಿ ನೀರಿನ ತಾಪತ್ರಯವಾಯಿತು. ಭೂತನಾಳದ ಕೆರೆಯ ನೀರು ನಳಕ್ಕೆ ದಿನ ಬಿಟ್ಟು ದಿನ ಬರತೊಡಗಿತು. ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಸರ್, ಇನ್ನು ಮುಂದೆ ಮೇಜಿಗೆ ಒಂದೇ ಮಗ್ಗು ನೀರು, ಅದರಲ್ಲೇ ತೊಳೆದುಕೊಳ್ಳಬೇಕು ಎಂದು ಆಜ್ಞೆ ಮಾಡಿದರು. ಉಳಿದವರೆಲ್ಲ ಗೊಣಗಿದರು. ನನಗೆ ಮಾತ್ರ ಅವ್ವನ ವಿದ್ಯೆಯನ್ನು ಮೆರೆಸುವ ಕಾಲ ಬಂತೆನಿಸಿತು. ಮರುದಿನ ಊರಿನಿಂದ ಒಂದು ಗಂಟು ಸೋಸಿದ ಬೂದಿ ತಂದೆ. ಹನ್ನೆರಡು ಗಾಜಿನ ನಳಿಕೆ, ಐದು ಪಿಂಗಾಣಿ ಬಟ್ಟಲು. ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ತಳದ ತನಕ ಬೂದಿ ಹಾಕಿ ತಿಕ್ಕಿ ಒರೆಸಿದೆ. ಒಂದು ಹನಿ ನೀರು ಬಳಸಲಿಲ್ಲ. ಸಾಮಾನು ಬೆಳ್ಳಿಯಂತೆ ಹೊಳೆಯಿತು. ಸರ್ ನಮ್ಮ ಮೇಜಿನ ಮುಂದೆ ನಿಂತು, ‘ನೋಡ್ರಿ, ಹಿಂಗಿರಬೇಕು ಮೇಜು,’ ಎಂದು ಹುಡುಗರಿಗೆ ತೋರಿಸಿದರು.

ಶಮಶಾದ್ ಒಂದು ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು. ‘ಬೂದಿ ಯಾಕ ಬೇ? ಸಾಕಷ್ಟ ನೀರ ಇಲ್ಲಂದ್ರೂ ಒಮ್ಮೆ ಜಾಲಿಸಿ ಚೆಲ್ಲೂಣು.’

‘ನೀರ ಬೇಕಾಗಿಲ್ಲ. ನಮ್ಮವ್ವ ಹಿಂಗ ಕಲಿಸ್ಯಾಳ.’

‘ನಿಮ್ಮವ್ವ ಕೆಮಿಸ್ಟ್ರಿ ಓದ್ಯಾಳೇನ?’

ಅವಳು ನಗುತ್ತಲೇ ಹೇಳಿದ್ದಳು. ನಾನು ನಗಲಿಲ್ಲ.

ಆ ದಿನದ ಪ್ರಯೋಗ ಲೋಹಗಳ ಆಕ್ಸೈಡುಗಳದು: ಯಾವುದು ನೀರಿನಲ್ಲಿ ಎಷ್ಟು ಕರಗುತ್ತದೆ ಎಂದು ನೋಡುವುದು. ಐದು ಪುಡಿಗಳನ್ನು ಕೊಟ್ಟಿದ್ದರು. ಸುಟ್ಟ ಸುಣ್ಣ, ಮೆಗ್ನೀಸಿಯಂ ಪಟ್ಟಿ ಉರಿಸಿ ಬಂದ ಬಿಳಿ ಪುಡಿ, ಹತ್ತಿಯಷ್ಟು ಹಗುರವಾದ ಸತುವಿನ ಆಕ್ಸೈಡು, ಕೆಮ್ಮಣ್ಣಿನಂಥ ಕಬ್ಬಿಣದ್ದು, ಕಾಡಿಗೆಯಂತೆ ಕಪ್ಪಾದ ತಾಮ್ರದ್ದು. ಒಂದೊಂದನ್ನೂ ಸಮ ತೂಕ ತೆಗೆದು, ಬಟ್ಟಿ ಇಳಿಸಿದ ನೀರನ್ನು ಅಳೆದು ಹಾಕಿ, ಅಲುಗಿಸಿ, ಸೋಸಬೇಕು. ಸೋಸಿದ ತಿಳಿನೀರಿನಲ್ಲಿ ಕೆಂಪು ಲಿಟ್ಮಸ್ ಕಾಗದ ಅದ್ದಬೇಕು. ಕರಗಿದ್ದರೆ ಕಾಗದ ನೀಲಿಯಾಗುತ್ತದೆ. ಆಮೇಲೆ ಆ ತಿಳಿನೀರನ್ನು ಬಟ್ಟಲಿನಲ್ಲಿ ಕಾಯಿಸಿ ಆರಿಸಬೇಕು. ಕರಗಿದ್ದು ತಳದಲ್ಲಿ ಬಿಳಿ ಕಲೆಯಾಗಿ ಉಳಿಯುತ್ತದೆ. ಸುಣ್ಣ ಸ್ವಲ್ಪ ಕರಗಬೇಕು, ಮೆಗ್ನೀಸಿಯಂನದು ಇದ್ದೂ ಇಲ್ಲದಷ್ಟು, ಉಳಿದ ಮೂರು ಏನೂ ಕರಗಬಾರದು. ಇದನ್ನು ಪುಸ್ತಕದಲ್ಲಿ ಮೊದಲೇ ಓದಿದವಳು ಶಮಶಾದ್, ನಾನಲ್ಲ.

ಬಟ್ಟಿ ಇಳಿಸಿದ ನೀರು ಒಳಕೋಣೆಯ ದೊಡ್ಡ ಜಾಡಿಯಿಂದ ದಾರದಷ್ಟು ಸಣ್ಣಗೆ ಇಳಿಯುತ್ತಿತ್ತು. ಅಲ್ಲಿ ಸರದಿ. ಪಕ್ಕದಲ್ಲೇ ನಳ. ತಾಳ್ಮೆಯಿಲ್ಲದವರು ನಳದ ನೀರನ್ನೇ ಬಾಟಲಿಗೆ ಹಿಡಿದು ತರುತ್ತಾರೆಂಬುದು ಎಲ್ಲರಿಗೂ ತಿಳಿದ ಗುಟ್ಟು. ಶಮಶಾದ್ ಬಹಳ ಹೊತ್ತಿನ ಮೇಲೆ ಬಾಟಲಿ ತಂದಳು. ಪ್ರಯೋಗ ಮಾಡಿದೆವು. ಐದೂ ಕಾಗದಗಳು ನೀಲಿಯಾದವು. ಐದೂ ಬಟ್ಟಲುಗಳಲ್ಲಿ ಬಿಳಿ ಉಂಗುರ ಉಳಿಯಿತು. ಶಮಶಾದ್ ಹುಬ್ಬು ಗಂಟಿಕ್ಕಿ, ‘ಇದು ತಪ್ಪೈತಿ. ಬರಿಯಬ್ಯಾಡ, ಮತ್ತೊಮ್ಮೆ ಮಾಡೂಣು,’ ಎಂದಳು. ಕಣ್ಣಿಗೆ ಕಂಡದ್ದನ್ನು ಬರೆಯದೆ ಪುಸ್ತಕದಲ್ಲಿದ್ದದ್ದನ್ನು ಬರೆಯುವುದು ಅಪ್ರಾಮಾಣಿಕತೆ ಎಂದು ನಾನು ಅವಳಿಗೆ ಉಪದೇಶ ಮಾಡಿದೆ. ಮುತ್ತಿನಂಥ ಅಕ್ಷರದಲ್ಲಿ ಬರೆದೆ: ‘ತಾಮ್ರದ ಆಕ್ಸೈಡು: ಕರಗುತ್ತದೆ.’

ಸರ್ ಜರ್ನಲ್ ತೆರೆದು, ಆ ಸಾಲನ್ನು ಗಟ್ಟಿಯಾಗಿ ಓದಿದರು. ‘ತಾಮ್ರ ಕರಗತೈತೇನವಾ? ಹಂಗಾರ ನಿಮ್ಮ ಬಬಲೇಶ್ವರದಾಗ ಹೆಂಗಸರು ಬಾವೀಗೆ ತಾಮ್ರದ ಕೊಡ ಒಯ್ದು, ಬರೇ ಸಿಂಬಿ ಹೊತಗೊಂಡ ಬರತಾರನು?’

ತಲೆಯ ಮೇಲೆ ಕೊಡ ಕೂರಿಸಲು ಬಟ್ಟೆ ಸುತ್ತಿಟ್ಟುಕೊಳ್ಳುವ ಸಿಂಬಿ ಒಂದೇ ಉಳಿದ ಆ ದೃಶ್ಯವನ್ನು ಇಡೀ ತರಗತಿ ಕಣ್ಣಾರೆ ಕಂಡಿತು. ಮೊದಲು ನಕ್ಕವನು ಕಿಟಕಿಯ ಬಳಿಯ ಮೇಜಿನವನು, ಆಮೇಲೆ ಅವನ ಜೊತೆಗಾರ, ಅನಂತರ ಹಿಂದಿನ ಸಾಲು. ಯಾರು ಯಾರ ನಂತರ ನಕ್ಕರೆಂದು ಇಂದಿಗೂ ಹೇಳಬಲ್ಲೆ. ಶಮಶಾದ್ ನಗಲಿಲ್ಲ. ಅದು ಮಾತ್ರ ಅಂದು ನನ್ನ ಗಮನಕ್ಕೆ ಬರಲಿಲ್ಲ.

ಹೊರಗೆ ಬಂದೊಡನೆ ಅವಳನ್ನು ನಿಲ್ಲಿಸಿ ಕೇಳಿದೆ: ‘ಖರೇ ಹೇಳು. ನಳದ ನೀರ ಹಿಡಕೊಂಡ ಬಂದಿಯಲ್ಲ?’

‘ಇಲ್ಲ ಬೇ. ಅರ್ಧ ತಾಸ ಪಾಳಿ ನಿಂತ ತಂದೀನಿ.’

‘ಮತ್ತ ಆ ಬಿಳೀದು ಎಲ್ಲಿಂದ ಬಂತ?’

‘ಅದನ್ನ ಹುಡುಕಬೇಕು. ನನಗ ಅನಸತೈತಿ, ಆ ಬೂದಿ...’

‘ನಮ್ಮವ್ವನ ಸುದ್ದಿಗೆ ಬರಬ್ಯಾಡ!’

‘ಯವ್ವಾ, ನಿಮ್ಮವ್ವನ ಸುದ್ದಿ ಯಾರ ತಗದಾರ ಇಲ್ಲಿ?’ ಎಂದು ಅವಳು ಬೆರಗಾಗಿ ನಿಂತಳು. ನಾನು ನಿಲ್ಲಲಿಲ್ಲ. ನೇರವಾಗಿ ಸರ್ ಹತ್ತಿರ ಹೋಗಿ, ಈ ಹುಡುಗಿಯ ಜೊತೆ ನನಗೆ ಮೇಜು ಬೇಡ, ಇವಳು ನೀರಿನ ವಿಷಯದಲ್ಲಿ ಸುಳ್ಳು ಹೇಳುತ್ತಾಳೆ ಎಂದೆ. ಸರ್ ನನ್ನನ್ನು ಇನ್ನಿಬ್ಬರು ಹುಡುಗಿಯರ ಮೇಜಿಗೆ ಮೂರನೆಯವಳಾಗಿ ಸೇರಿಸಿದರು. ಶಮಶಾದ್ ಒಬ್ಬಳೇ ಉಳಿದಳು. ಅಣ್ಣನ ಷರತ್ತು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಅವಳ ಓದು ನನ್ನ ಜೊತೆಗೆ ಗಂಟು ಬಿದ್ದಿದೆಯೆಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮರುದಿನ ಸ್ಟ್ಯಾಂಡಿಗೆ ಒಂದು ನಿಲುಗಡೆ ಮೊದಲೇ ಇಳಿದು, ಬೇರೆ ದಾರಿಯಿಂದ ಕಾಲೇಜಿಗೆ ನಡೆದೆ.

ನಾಲ್ಕು ದಿನ ಹಾಗೆ ನಡೆದೆ. ನಾಲ್ಕೂ ದಿನ ಅವಳು ತರಗತಿಗೆ ತಡವಾಗಿ, ಒಬ್ಬಳೇ, ಚೀಲವನ್ನು ಎದೆಗೆ ಒತ್ತಿಕೊಂಡು ಬಂದಳು. ಎರಡು ಸಲ ನನ್ನ ಕಡೆಗೆ ಬರಲು ನೋಡಿದಳು. ನಾನು ಗೋಡೆಯ ಮೇಲಿನ ಮೂಲಧಾತುಗಳ ಪಟ್ಟಿಯನ್ನು ಏಕಾಗ್ರತೆಯಿಂದ ಓದಿದೆ. ದೀಪಾವಳಿಯ ರಜೆ ಬಂತು, ಮುಗಿಯಿತು. ಆಮೇಲೆ ಅವಳು ಬರಲಿಲ್ಲ. ತಪ್ಪು ಮಾಡಿದವರು ಮುಖ ತೋರಿಸುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಇಂಥ ಮಾತುಗಳು ಎಷ್ಟು ಸಲೀಸಾಗಿ ಸಿಗುತ್ತವೆ ನೋಡಿ.

ಆರು ವರ್ಷ ಕಳೆದವು. ಪದವಿಯಾಯಿತು, ಶಿಕ್ಷಕಿಯರ ತರಬೇತಿಯಾಯಿತು, ವಿಜಾಪುರದ ಒಂದು ಹುಡುಗಿಯರ ಶಾಲೆಯಲ್ಲಿ ನೌಕರಿಯಾಯಿತು. ಮೊದಲ ವರ್ಷವೇ ಅದೇ ಪಾಠ ಬಂತು: ಆಕ್ಸೈಡುಗಳು ಮತ್ತು ನೀರು. ಸಾಮಾನು ತೊಳೆಯುವಾಕೆ ರಜೆಯಲ್ಲಿದ್ದಳು. ನಾನೇ ಬಟ್ಟಲು, ನಳಿಕೆಗಳನ್ನು ಮನೆಗೆ ಒಯ್ದು, ಅವ್ವನ ವಿದ್ಯೆಯಿಂದ ಬೆಳಗಿ ತಂದೆ. ತರಬೇತಿಯಲ್ಲಿ ಒಂದು ಮಾತನ್ನು ನಮಗೆ ಅರೆದು ಕುಡಿಸಿದ್ದರು: ಏನನ್ನಾದರೂ ಹಾಕಿ ನೋಡುವ ಮೊದಲು ಬರಿಯ ನೀರನ್ನು ಒಮ್ಮೆ ಪರೀಕ್ಷಿಸಿ. ಹಾಗೆಯೇ ಮಾಡಿದೆ. ಔಷಧದ ಅಂಗಡಿಯಿಂದ ನಾನೇ ತಂದ, ನಾನೇ ಮುಚ್ಚಳ ತೆಗೆದ ಬಟ್ಟಿ ನೀರು. ನಳಿಕೆಗೆ ಹಾಕಿ ಕೆಂಪು ಕಾಗದ ಅದ್ದಿದೆ.

ಕಾಗದ ನೀಲಿಯಾಯಿತು.

ಬಟ್ಟಲಿನಲ್ಲಿ ಕಾಯಿಸಿದೆ. ಬಿಳಿ ಉಂಗುರ. ಬಟ್ಟಲನ್ನು ಹತ್ತು ಸಲ ನೀರಿನಿಂದ ಜಾಲಿಸಿ ಮತ್ತೆ ಕಾಯಿಸಿದೆ. ಉಂಗುರವಿಲ್ಲ. ಬೂದಿಯೆಂದರೆ ಏನು? ಅದರಲ್ಲಿಯೂ ಲೋಹದ ಕ್ಷಾರಗಳೇ ಇವೆ. ನೀರಿನಲ್ಲಿ ಧಾರಾಳವಾಗಿ ಕರಗುವಂಥವು. ನಾವು ಆ ದಿನ ಐದು ಆಕ್ಸೈಡುಗಳನ್ನು ಪರೀಕ್ಷಿಸಿರಲೇ ಇಲ್ಲ. ಐದು ಸಲವೂ ಬಬಲೇಶ್ವರದ ಕುಳ್ಳಿನ ಬೂದಿಯನ್ನೇ ಪರೀಕ್ಷಿಸಿದ್ದೆವು. ಮುಂದಿನ ಗಂಟೆ ಬಾರಿಸಿತು. ನಾನು ಹುಡುಗಿಯರಿಗೆ ಏನು ಪಾಠ ಮಾಡಿದೆನೆಂದು ನೆನಪಿಲ್ಲ. ಎಲ್ಲವನ್ನೂ ನೆನಪಿಡುವ ನನಗೆ ಆ ಒಂದು ತಾಸು ನೆನಪಿಲ್ಲ.

ಆ ರವಿವಾರ ತಿಕೋಟಾದ ಬಸ್ಸು ಹತ್ತಿದೆ. ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲದ ಕೆಲಸ; ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ, ವ್ಯಾಕರಣ ತಿದ್ದುತ್ತ ಹೋದೆ. ಬಜಾರದಲ್ಲಿ ಅವಳ ಅಣ್ಣ ಹೊಲಿಗೆಯಂತ್ರದಿಂದ ತಲೆಯೆತ್ತಿ ನೋಡಿ ಗುರುತು ಹಿಡಿದ. ಮುಖ ಬಿಗಿಯಾಯಿತು. ಆದರೂ ಎದ್ದು ನಿಂತು, ‘ಆಕೀನ ಇದ ಊರಾಗ ಕೊಟ್ಟೀವ್ರಿ. ಹಿಂದಿನ ಓಣ್ಯಾಗ ಮೂರನೇ ಮನಿ,’ ಎಂದಷ್ಟೇ ಹೇಳಿ ಮತ್ತೆ ಯಂತ್ರ ತುಳಿಯತೊಡಗಿದ.

ಶಮಶಾದ್ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ‘ಬಂದ್ಲಪಾ, ತಾಮ್ರ ಕರಗಿಸಿದಾಕಿ,’ ಎಂದಳು. ‘ಬಾ, ಕುಂಡ್ರು. ನಿಂತ ಯಾಕ ನೋಡಾಕತ್ತಿ?’

ದಾರಿಯಲ್ಲಿ ಕಟ್ಟಿದ ವಾಕ್ಯಗಳು ಒಂದೂ ಬರಲಿಲ್ಲ. ‘ಬೂದಿ ಇತ್ತ, ಶಮಶಾದ್. ನೀರಲ್ಲ. ಬೂದಿ,’ ಎಂದೆ.

‘ನನಗ ಗೊತ್ತೈತಿ.’

‘ಯಾವಾಗಿಂದ?’

‘ಮರುದಿವಸದಿಂದ. ಮನ್ಯಾಗ ಒಂದ ಪಿಂಗಾಣಿ ಬಸಿಗೆ ಬೂದಿ ತಿಕ್ಕಿ, ಮಳಿನೀರ ಹಾಕಿ ಕಾಸಿ ನೋಡ್ದೆ. ಹಂಗ ಬಿಳೇ ಉಂಗುರ ಬಂತು. ಆ ಬಸಿ ಚೀಲದಾಗ ಇಟಗೊಂಡ ನಾಕ ದಿನ ಗಿಡದ ಕೆಳಗ ನಿಂತೆ. ನಿನಗ ತೋರಸಬೇಕಂತ.’ ಅವಳು ಮೊರದಲ್ಲಿದ್ದ ಒಂದು ಹರಳನ್ನು ಆರಿಸಿ ಎಸೆದಳು. ‘ಮೂರ ಮೂರ ಬಸ್ಸ ನೋಡ್ದೆ. ನೀ ಇಳೀಲೇ ಇಲ್ಲ.’

‘ಸರ್‌ಗೆ ಯಾಕ ತೋರಸಲಿಲ್ಲ?’

‘ಮತ್ತ ಎಲ್ಲಾರೂ ನಿನ್ನ ನೋಡಿ ನಗತಿದ್ರು. ಒಮ್ಮೆ ನಕ್ಕಿದ್ದಕ್ಕ ನೀ ಹಂಗ ಆಗಿದ್ದಿ. ಎರಡನೇ ಸಲ ನಕ್ಕಿದ್ರ ಕಾಲೇಜ ಬಿಡತಿದ್ದಿ.’

ನಾನು ತಲೆ ತಗ್ಗಿಸಿದೆ. ಅವಳು ನನ್ನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಬಿಡದೇ ಇದ್ದುದಕ್ಕೆ ಇಂದಿಗೂ ನಾನು ಕೃತಜ್ಞಳು. ‘ಸಿಟ್ಟ ಬಂದಿತ್ತ ಮತ್ತ. ಇಲ್ಲಂತ ಸುಳ್ಳ ಹೇಳೂದಿಲ್ಲ. ರಜಾದಾಗ ಅಣ್ಣ ಕೇಳಿದ, ಮಾಸ್ತರ ಮಗಳ ಎಲ್ಲಿ, ನೀ ಒಬ್ಬಾಕೀನ ಅಡ್ಡಾಡತಿ ಅಂತ ಮಂದಿ ಹೇಳಾಕತ್ತಾರ ಅಂತ. ಏನ ಹೇಳ್ಲಿ? ಕಾಲೇಜ ಬಿಡಿಸಿದ. ಎರಡ ವರ್ಷ ನಿನ್ನ ಹೆಸರ ತಗೊಳ್ಳಲಿಲ್ಲ ನಾ.’

‘ನನ್ನದು ತಪ್ಪಾತು,’ ಎಂದೆ. ಮೂರು ಶಬ್ದವೂ ಅಲ್ಲದ ಆ ಮಾತಿಗೆ ನಾನು ಬಸ್ಸಿನಲ್ಲಿ ಅಷ್ಟು ವ್ಯಾಕರಣ ತಿದ್ದಬೇಕಾಗಿರಲಿಲ್ಲ.

‘ಆತಲ್ಲ. ಚಾ ಕುಡಿ,’ ಎಂದು ಅವಳು ಒಳಗೆ ಹೋದಳು. ಚಹಾ ತಂದಿಟ್ಟು, ಮೊರವನ್ನು ಬದಿಗೆ ಸರಿಸಿ, ನನ್ನ ಎದುರಿಗೆ ಮೊಣಕಾಲು ಕಟ್ಟಿ ಕುಳಿತಳು. ದನಿ ತಗ್ಗಿಸಿ ಕೇಳಿದಳು.

‘ಆ ವರ್ಷ ಪ್ರಾಕ್ಟಿಕಲ್ ಪರೀಕ್ಷಾದಾಗ ಏನ ಬಂದಿತ್ತು?’

‘ಒಂದ ಉಪ್ಪ ಕೊಟ್ಟಿದ್ರು. ಯಾವದಂತ ಗುರುತ ಹಿಡೀಬೇಕಿತ್ತು.’

‘ಬಣ್ಣ?’

‘ಬೆಳ್ಳಗಿತ್ತು.’

‘ನೀರಾಗ ಕರಗಿತೋ ಇಲ್ಲೋ?’

‘ಕರಗಿತು.’

‘ಉರಿಗೆ ಹಿಡದಾಗ?’

‘ಹಸರ ಉರಿ.’

ಅವಳು ಕಣ್ಣು ಮುಚ್ಚಿದಳು. ಬೆರಳುಗಳು ಮೊಣಕಾಲಿನ ಮೇಲೆ ಏನನ್ನೋ ಹನಿ ಹನಿಯಾಗಿ ಅಳೆಯುವಂತೆ ಅಲುಗಿದವು. ‘ಹಸರಂದ್ರ ತಾಮ್ರ ಇರಬಹುದಿತ್ತು. ಆದ್ರ ಉಪ್ಪ ಬೆಳ್ಳಗಿತ್ತಂದಿ. ತಾಮ್ರ ಅಲ್ಲ. ಬೇರಿಯಂ. ಸಿಲ್ವರ್ ನೈಟ್ರೇಟ್ ಹಾಕಿದ್ರ?’

‘ಮೊಸರಿನಂಗ ಒಡೀತು.’

‘ಬೇರಿಯಂ ಕ್ಲೋರೈಡ್,’ ಎಂದು ಕಣ್ಣು ತೆರೆದಳು. ‘ಹೌದಿಲ್ಲೋ?’

‘ಹೌದು.’

‘ನಿನಗ ಎಷ್ಟೊತ್ತ ಹಿಡದಿತ್ತು?’

‘ಎರಡೂವರಿ ತಾಸು,’ ಎಂದೆ. ಅದರಲ್ಲಿಯೂ ಮೊದಲು ತಾಮ್ರವೆಂದೇ ಬರೆದು, ಆಮೇಲೆ ಹೊಡೆದುಹಾಕಿದ್ದೆನೆಂಬುದನ್ನೂ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಆ ನಗೆಯನ್ನು ನಾನು ಎಲ್ಲಿಯೂ ಬರೆದಿಟ್ಟುಕೊಳ್ಳಲಿಲ್ಲ. ನಕ್ಕು ಮುಗಿಸಿ, ಒಳಗೆ ಅಳುತ್ತಿದ್ದ ಕೂಸಿಗೆ ‘ಬಂದೆ ಇರು’ ಎಂದು ಕೂಗಿ ಹೇಳಿ, ಏಳದೆ ಅಲ್ಲಿಯೇ ಕುಳಿತು, ನನ್ನ ಹತ್ತಿರಕ್ಕೆ ಇನ್ನೊಂದಿಷ್ಟು ಸರಿದಳು.

‘ಎರಡನೇ ವರ್ಷದಾಗ ಏನ ಬಂತು?’